ಮುಟ್ಟು ನಿಲ್ಲುವ ಹೊತ್ತು: ನಿಮಗೆ ಯಾವ ಅಭ್ಯಾಸ ಕೈ ಹಿಡಿಯಿತು?

ಹಾಸನದ ಟೀಚರ್, 48

ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಒಂದೂವರೆ ವರ್ಷದಿಂದ ನನ್ನ ಮುಟ್ಟಿನ ಲೆಕ್ಕವೇ ತಪ್ಪಿಹೋಗಿದೆ. ಒಮ್ಮೆ ಇಪ್ಪತ್ತು ದಿನಕ್ಕೇ ಬರುತ್ತದೆ, ಒಮ್ಮೆ ಎರಡೂವರೆ ತಿಂಗಳು ಸುಳಿವೇ ಇಲ್ಲ. ಬಂದರೆ ವಾರಗಟ್ಟಲೆ. ಅದು ಹೋಗಲಿ. ಬೋರ್ಡಿನ ಮೇಲೆ ಬರೆಯುತ್ತಾ ನಿಂತಿರುವಾಗಲೇ ಎದೆಯಿಂದ ಕುತ್ತಿಗೆಗೆ, ಅಲ್ಲಿಂದ ಮುಖಕ್ಕೆ ಬಿಸಿ ಏರುತ್ತದೆ. ಮೂರು ನಾಲ್ಕು ನಿಮಿಷ ಅಷ್ಟೇ. ಅಷ್ಟರಲ್ಲಿ ಬ್ಲೌಸ್ ಒದ್ದೆ. ಆಮೇಲೆ ಮೈಯೆಲ್ಲ ಚಳಿ. "ಮಿಸ್, ಹುಷಾರಿಲ್ವಾ?" ಅಂತ ಮಕ್ಕಳು ಕೇಳಿದಾಗ ನಾಚಿಕೆಯಾಗುತ್ತದೆ.

ರಾತ್ರಿ ಎರಡಕ್ಕೆ ಎಚ್ಚರ. ನಾನು ಫ್ಯಾನ್ ಜೋರಾಗಿ ಹಾಕುತ್ತೇನೆ, ನಮ್ಮ ಯಜಮಾನರು ಕಂಬಳಿ ಎಳೆದುಕೊಳ್ಳುತ್ತಾರೆ. ಐದು ಕೆಜಿ ಏರಿದ್ದೇನೆ, ಎಲ್ಲ ಹೊಟ್ಟೆಗೇ. ಮಗನ ಮೇಲೆ ಸುಮ್ನೆ ರೇಗುತ್ತೇನೆ, ಆಮೇಲೆ ಬಚ್ಚಲಿಗೆ ಹೋಗಿ ಅಳುತ್ತೇನೆ. ಡಾಕ್ಟರ್ ಹತ್ತಿರ ಹೋದರೆ "ವಯಸ್ಸಿಗೆ ಸಹಜ, ವಾಕಿಂಗ್ ಮಾಡಿ" ಅಂದು ಎರಡೇ ನಿಮಿಷದಲ್ಲಿ ಕಳಿಸಿದರು. ಈ ಹೊಳೆ ದಾಟಿದವರು ಹೇಳಿ. ಏನು ತಿಂದಿರಿ, ಏನು ಬಿಟ್ಟಿರಿ, ನಿಜವಾಗಿ ಯಾವುದು ಉಪಯೋಗಕ್ಕೆ ಬಂತು? "ಎಲ್ಲಾ ಸರಿಹೋಗುತ್ತೆ" ಅನ್ನೋದು ಮಾತ್ರ ಬೇಡ. ಅದನ್ನು ನಮ್ಮತ್ತೆ ದಿನಾ ಹೇಳುತ್ತಾರೆ.

ಮೈಸೂರಿನಿಂದ, 54

ಟೀಚರಮ್ಮ, ನನಗೆ ಪೂರ್ತಿ ನಿಂತು ಮೂರು ವರ್ಷವಾಯಿತು. ಪೂರ್ತಿ ನಿಂತಿತು ಅನ್ನಬೇಕಾದರೆ ಒಂದೇ ಒಂದು ಸಲವೂ ಬಾರದೆ 12 ತಿಂಗಳು ಕಳೆಯಬೇಕು. ನೀವಿನ್ನೂ ಅದರ ಹಿಂದಿನ ಏರುಪೇರಿನ ದಾರಿಯಲ್ಲಿದ್ದೀರಿ. ನನಗೆ ಕೇಳಿದರೆ ಅದೇ ಜಾಸ್ತಿ ಕಷ್ಟದ ಕಾಲ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46, 47ಕ್ಕೇ ನಿಲ್ಲುತ್ತದಂತೆ. ಹಾಗಾಗಿ ನಿಮಗೆ ಬೇಗವೂ ಅಲ್ಲ, ತಡವೂ ಅಲ್ಲ.

ನನಗೆ ಮೊದಲು ಉಪಯೋಗಕ್ಕೆ ಬಂದದ್ದು ಒಂದು ಹಳೇ ಡೈರಿ. ಬಿಸಿ ಏರಿದಾಗಲೆಲ್ಲ ಗಂಟೆ ಬರೆದೆ, ಅದಕ್ಕೆ ಮುಂಚೆ ಏನು ತಿಂದಿದ್ದೆ, ಎಲ್ಲಿದ್ದೆ ಅಂತ ಬರೆದೆ. ಎರಡು ವಾರದಲ್ಲಿ ಕಳ್ಳ ಸಿಕ್ಕಿಬಿದ್ದ. ಸಂಜೆ ಐದರ ಫಿಲ್ಟರ್ ಕಾಫಿ! ಮೈಸೂರಿನವಳಿಗೆ ಕಾಫಿ ಬಿಡು ಅನ್ನೋದು ಉಸಿರು ಬಿಡು ಅಂದ ಹಾಗೆ. ಬಿಡಲಿಲ್ಲ. ಬೆಳಗ್ಗೆ ಎರಡು ಲೋಟ ಇಟ್ಟುಕೊಂಡೆ, ಮಧ್ಯಾಹ್ನದ ಮೇಲೆ ನಿಲ್ಲಿಸಿದೆ. ರಾತ್ರಿಯ ಬೆವರು ಅರ್ಧಕ್ಕರ್ಧ ಇಳಿಯಿತು. ನನ್ನ ತಂಗಿಗೆ ಕಾಫಿಯಿಂದ ಏನೂ ಆಗುವುದಿಲ್ಲ, ಅವಳಿಗೆ ಆಗದಿರುವುದು ರಾತ್ರಿಯ ಖಾರದ ಊಟ. ಅದಕ್ಕೇ ಹೇಳಿದ್ದು, ಬೇರೆಯವರ ಪಟ್ಟಿ ನೋಡಿ ಬಿಡಬೇಡಿ, ನಿಮ್ಮ ಡೈರಿ ನೋಡಿ ಬಿಡಿ.

ಯಾಕೆ ಹೀಗಾಗುತ್ತದೆ ಅಂತ ಗೊತ್ತಾದ ಮೇಲೆ ನನಗೆ ಅರ್ಧ ಭಯ ಹೋಯಿತು. ಮೈ ಬಿಸಿ ಎಷ್ಟಿರಬೇಕು ಅಂತ ನೋಡಿಕೊಳ್ಳುವ ಜಾಗ ಮೆದುಳಿನಲ್ಲಿದೆ. ಈಸ್ಟ್ರೋಜೆನ್ ಅನ್ನೋ ಹೆಣ್ಣು ಹಾರ್ಮೋನ್ ಇಳಿದಾಗ ಆ ಜಾಗ ತೀರಾ ಸೂಕ್ಷ್ಮವಾಗಿಬಿಡುತ್ತದೆ. ಒಂಚೂರು ಬೆಚ್ಚಗಾದರೂ "ಅಯ್ಯೋ ಸೆಖೆ" ಅಂತ ರಕ್ತವನ್ನೆಲ್ಲ ಚರ್ಮಕ್ಕೆ ನುಗ್ಗಿಸಿ ಬೆವರಿಸುತ್ತದೆ. ಅದಕ್ಕೇ ಬಿಸಿಬಿಸಿ ಸಾರು, ಒಲೆಯ ಮುಂದೆ ನಿಲ್ಲೋದು, ಸಿಂಥೆಟಿಕ್ ಸೀರೆ, ಸಿಟ್ಟು ಇವೆಲ್ಲ ಕಿಡಿ ಹಚ್ಚುತ್ತವೆ. ಕಾಟನ್ ಸೀರೆಗೆ ಬದಲಾಯಿಸಿ. ಅಡುಗೆ ಬೆಳಗ್ಗೆ ಏಳರೊಳಗೆ ಮುಗಿಸಿ. ಹಾಸಿಗೆ ಪಕ್ಕ ಒಂದು ಒಣ ನೈಟಿ, ಒಂದು ಲೋಟ ತಣ್ಣೀರು ಇರಲಿ. ಎದ್ದು ಬೀರು ಹುಡುಕುವಷ್ಟರಲ್ಲಿ ನಿದ್ದೆ ಪೂರ್ತಿ ಹಾರಿಹೋಗಿರುತ್ತದೆ.

ನಿದ್ದೆಗೆ ನನಗೆ ಒಬ್ಬ ಕೌನ್ಸೆಲರ್ ಹೇಳಿದ್ದು ಉಲ್ಟಾ ಅನ್ನಿಸಿತ್ತು, ಆದರೆ ಕೆಲಸ ಮಾಡಿತು. ಇಪ್ಪತ್ತು ನಿಮಿಷ ಹೊರಳಾಡಿದರೂ ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟು ಏಳಬೇಕು. ಮಂದ ಬೆಳಕಿನಲ್ಲಿ ಏನಾದರೂ ಬೇಜಾರಿನ ಕೆಲಸ ಮಾಡಬೇಕು. ನಾನು ಬಟ್ಟೆ ಮಡಿಸುತ್ತಿದ್ದೆ. ತೂಕಡಿಕೆ ಬಂದಾಗ ಮಾತ್ರ ಮಲಗಬೇಕು. ರಾತ್ರಿ ಹೇಗೇ ಕಳೆದಿರಲಿ, ಬೆಳಗ್ಗೆ ಏಳುವ ಹೊತ್ತು ಒಂದೇ ಇರಬೇಕು. ಮೊದಲ ವಾರ ನರಕ. ಮೂರನೇ ವಾರಕ್ಕೆ ನಿದ್ದೆ ಹದಕ್ಕೆ ಬಂತು. ಮೊಬೈಲ್ ಹಾಲಿನಲ್ಲೇ ಮಲಗಲಿ.

ಧಾರವಾಡದಿಂದ, 51

ಊಟದ ಬಗ್ಗೆ ನಾನು ಹೇಳುತ್ತೇನ್ರೀ. ನಮ್ಮ ಹೆಂಗಸರ ತಟ್ಟೆಯಲ್ಲಿ ಅನ್ನ, ರೊಟ್ಟಿ ಜಾಸ್ತಿ, ಕಾಳು ಕಡಿಮೆ. ಎಲ್ಲರಿಗೂ ಬಡಿಸಿ ಕೊನೆಗೆ ಕೂತಾಗ ಪಲ್ಯದ ಪಾತ್ರೆ ಖಾಲಿ, ಅಲ್ವಾ? ಈ ವಯಸ್ಸಿನಲ್ಲಿ ಸ್ನಾಯು ಕರಗುತ್ತದೆ, ಆ ಜಾಗಕ್ಕೆ ಕೊಬ್ಬು ಬರುತ್ತದೆ. ನಾನು ಮಾಡಿದ್ದು ಇಷ್ಟೇ. ಎರಡು ರೊಟ್ಟಿ ಇದ್ದದ್ದು ಒಂದೂವರೆ ಆಯಿತು, ಮಡಕಿಕಾಳಿನ ಪಲ್ಯ ದುಪ್ಪಟ್ಟಾಯಿತು. ದಿನಾ ಒಂದು ಬಟ್ಟಲು ಗಟ್ಟಿ ಮೊಸರು. ವಾರಕ್ಕೆ ನಾಲ್ಕು ಮೊಟ್ಟೆ, ಅದೂ ಮನೆಯಲ್ಲಿ ದೊಡ್ಡ ಜಗಳವಾಗಿ! ಎಂಟು ತಿಂಗಳಲ್ಲಿ ನಾಲ್ಕು ಕೆಜಿ ಇಳಿದೆ. ಉಪವಾಸ ಗಿಪವಾಸ ಏನೂ ಮಾಡಲಿಲ್ಲ.

ಅಗಸಿ ಚಟ್ನಿಪುಡಿ ತಿಂದರೆ ಬಿಸಿ ಏರೋದು ನಿಲ್ಲುತ್ತದೆ ಅಂತ ಎಲ್ಲರೂ ಹೇಳಿದರು. ಒಂದು ವರ್ಷ ತಿಂದೆ. ಬಿಸಿಗೆ ಏನೂ ಆಗಲಿಲ್ಲ. ಮಲಬದ್ಧತೆ ಹೋಯಿತು, ರುಚಿಯೂ ಇದೆ, ಅದಕ್ಕೇ ಈಗಲೂ ತಿನ್ನುತ್ತೇನೆ.

ಮಂಡ್ಯದಿಂದ, 57

ಮೂಳೆ ಮರೀಬೇಡಿ. ಮುಟ್ಟು ನಿಂತ ಮೊದಲ ಐದಾರು ವರ್ಷದಲ್ಲೇ ಮೂಳೆ ಸವೆಯೋದು ಜಾಸ್ತಿ. ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡ ಮೇಲೆ ನನಗೆ ಬುದ್ಧಿ ಬಂತು. ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅಂತ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಹೇಳುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ. ಅಂದರೆ ನಮ್ಮ ಮನೆಯ ಒಂದು ಮುದ್ದೆಗೆ 280ರ ಹತ್ತಿರ. ಒಂದು ಲೋಟ ಹಾಲಿಗೆ ಇನ್ನೊಂದು 240. ಮೊಸರು, ನುಗ್ಗೆಸೊಪ್ಪಿನ ಬಸ್ಸಾರು, ಎಳ್ಳಿನ ಪುಡಿ ಸೇರಿದರೆ ಮಾತ್ರೆಯ ಹಂಗು ಅಷ್ಟು ಬೇಕಾಗುವುದಿಲ್ಲ. ಆದರೆ ವಿಟಮಿನ್ ಡಿ ಇಲ್ಲದಿದ್ದರೆ ಈ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಹೊಲದ ಬಿಸಿಲಲ್ಲೇ ಬೆಳೆದ ನನಗೂ ಅದು ಕಡಿಮೆ ಇತ್ತು. ಟೆಸ್ಟ್ ಮಾಡಿಸಿ. ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ.

ಬರೀ ವಾಕಿಂಗ್ ಸಾಲದು. ಭಾರ ಎತ್ತಬೇಕು. ನನಗೆ ಫಿಸಿಯೋ ಹೇಳಿಕೊಟ್ಟದ್ದು ಕುರ್ಚಿ ವ್ಯಾಯಾಮ. ಕೈ ಊರದೆ ಕುರ್ಚಿಯಿಂದ ಎದ್ದು, ನಿಧಾನಕ್ಕೆ ಕೂರೋದು. ಆಮೇಲೆ ನೀರು ತುಂಬಿದ ಒಂದು ಲೀಟರಿನ ಎರಡು ಬಾಟಲಿ ಹಿಡಿದು ತಲೆಮೇಲೆ ಎತ್ತೋದು.

ಉಡುಪಿಯಿಂದ, 50

ನಮ್ಮಲ್ಲಿ ಏಪ್ರಿಲಿನ ಸೆಖೆ ಯಾವುದು, ಮೆನೋಪಾಸಿನ ಸೆಖೆ ಯಾವುದು ಅಂತ ಗೊತ್ತಾಗೋದೇ ಇಲ್ಲ ಮಾರಾಯ್ರೆ. ಮಧ್ಯಾಹ್ನ ಒಂದೆಲಗದ ತಂಬುಳಿ ಕುಡಿಯುತ್ತೇನೆ. ಔಷಧಿ ಅಂತ ಅಲ್ಲ, ತಣ್ಣಗೆ ಅನ್ನಿಸುತ್ತದೆ.

ಯಾರೂ ಹೇಳದ ಒಂದು ವಿಷಯ ಹೇಳಿಬಿಡುತ್ತೇನೆ. ಸೀನಿದರೆ, ನಕ್ಕರೆ ಮೂತ್ರ ಸೋರುವುದು. ಹೊರಗೆ ಹೋಗುವುದನ್ನೇ ಬಿಟ್ಟಿದ್ದೆ. ಮೂತ್ರ ತಡೆಹಿಡಿಯುವಾಗ ಬಿಗಿಯುವ ಸ್ನಾಯು ಇದೆಯಲ್ಲ, ಅದನ್ನು ಬಿಗಿದು ಐದು ಎಣಿಸಿ ಬಿಡುವುದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೂರು ತಿಂಗಳು ಹಿಡಿಯಿತು. ಈಗ ಯಕ್ಷಗಾನದ ಹಾಸ್ಯಕ್ಕೆ ಧೈರ್ಯವಾಗಿ ನಗುತ್ತೇನೆ.

ಕಲಬುರಗಿಯಿಂದ, ನಿವೃತ್ತ ನರ್ಸ್

ಎಲ್ಲರದ್ದೂ ಓದಿದೆ. ಒಳ್ಳೆಯದೇ ಹೇಳಿದ್ದೀರಿ. ಆದರೆ ಟೀಚರ್, "ವಾರಗಟ್ಟಲೆ" ಅಂತ ಒಂದು ಪದ ಬರೆದು ಮುಂದೆ ಹೋಗಿದ್ದೀರಲ್ಲ, ನಾನು ಅಲ್ಲೇ ನಿಂತೆ. ರಕ್ತ ಎಷ್ಟು ಹೋಗುತ್ತಿದೆ? ಗಡ್ಡೆಗಡ್ಡೆಯಾಗಿ ಹೋಗುತ್ತಿದೆಯಾ? ಹಾಗಿದ್ದರೆ ಮೊದಲು ಹಿಮೋಗ್ಲೋಬಿನ್ ನೋಡಿಸಿ, ಸ್ಕ್ಯಾನ್ ಮಾಡಿಸಿ. ಥೈರಾಯ್ಡ್ ಕೂಡ ನೋಡಿಸಿ. ಸುಸ್ತು, ತೂಕ, ಬೆವರು, ಅಳು ಇವೆಲ್ಲ ಥೈರಾಯ್ಡ್ ಏರುಪೇರಿನಲ್ಲೂ ಬರುತ್ತವೆ. ಮೂವತ್ತು ವರ್ಷದಲ್ಲಿ ನಾನು ನೋಡಿದ್ದು ಇದೇ. 45 ದಾಟಿದ ಹೆಂಗಸಿಗೆ ಏನೇ ಆದರೂ "ಮುಟ್ಟು ನಿಲ್ಲೋ ಟೈಮ್" ಅಂತ ಒಂದೇ ಮೂಟೆಗೆ ಕಟ್ಟಿಬಿಡುತ್ತಾರೆ.

ಇನ್ನೊಂದು ಕಡೆ ಇದರ ಉಲ್ಟಾ ಇದೆ. ರಕ್ತ ಜಾಸ್ತಿ ಅಂದ ಕೂಡಲೇ "ಗರ್ಭಕೋಶ ತೆಗೆಸಿಬಿಡಿ, ಪೀಡೆ ಹೋಗುತ್ತೆ" ಅನ್ನುವವರು. ನಮ್ಮ ಜಿಲ್ಲೆಯ ತಾಂಡಾಗಳಲ್ಲಿ ಬೇಡದ ಆಪರೇಷನ್ ನಡೆದದ್ದು 2015ರ ಸುಮಾರಿಗೆ ರಾಜ್ಯಕ್ಕೆಲ್ಲ ಸುದ್ದಿಯಾಗಿತ್ತು. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಮೆನೋಪಾಸ್ ನಿಧಾನಕ್ಕೆ ಬರುವುದಿಲ್ಲ, ರಾತ್ರೋರಾತ್ರಿ ಬಂದು ಕೂರುತ್ತದೆ. ಆಪರೇಷನ್ ಬೇಕಾದವರಿಗೆ ಬೇಕೇ ಬೇಕು. ಆದರೆ ಇನ್ನೊಬ್ಬ ಡಾಕ್ಟರನ್ನು ಕೇಳದೆ ಸಹಿ ಹಾಕಬೇಡಿ.

ಪೂರ್ತಿ ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಅದೇ ವಾರ ತೋರಿಸಿ. ಬಹಳ ಸಲ ಏನೂ ಇರುವುದಿಲ್ಲ. ಆದರೆ ಗರ್ಭಕೋಶದ ಕ್ಯಾನ್ಸರ್ ಮೊದಲು ಕಾಣಿಸಿಕೊಳ್ಳುವುದೂ ಹೀಗೆಯೇ. ಮತ್ತೆ, ಮುಟ್ಟು ಏರುಪೇರಾದ ಕಾಲದಲ್ಲೂ ಗರ್ಭ ನಿಲ್ಲಬಹುದು. ನಗಬೇಡಿ, 47ಕ್ಕೆ ಬಸುರಿಯಾಗಿ ಅಳುತ್ತಾ ಬಂದವರನ್ನು ನೋಡಿದ್ದೇನೆ.

ಯೋಗದ ಬಗ್ಗೆ ಯಾರಾದರೂ ಬರೆಯುತ್ತೀರಿ ಅಂತ ಗೊತ್ತು. ನಾನೇ ಹೇಳುತ್ತೇನೆ. ಯೋಗ, ವಾಕಿಂಗ್ ಎರಡೂ ಮನಸ್ಸಿಗೆ, ನಿದ್ದೆಗೆ, ಬಿಪಿ ಶುಗರಿಗೆ ಒಳ್ಳೆಯದು. ಬಿಸಿ ಏರುವುದನ್ನೇ ನಿಲ್ಲಿಸುತ್ತವೆ ಅನ್ನಲು ಗಟ್ಟಿ ಆಧಾರ ಇಲ್ಲ. ತೂಕ ಇಳಿದವರಲ್ಲಿ ಬಿಸಿ ಕಡಿಮೆಯಾದದ್ದು ಅಧ್ಯಯನಗಳಲ್ಲಿ ಕಂಡಿದೆ. ಇದನ್ನು ಯಾಕೆ ಹೇಳುತ್ತೇನೆಂದರೆ, ಆರು ತಿಂಗಳು ಪ್ರಾಣಾಯಾಮ ಮಾಡಿಯೂ ಬೆವರು ನಿಲ್ಲದಿದ್ದರೆ "ನಾನೇ ಸರಿಯಾಗಿ ಮಾಡಲಿಲ್ಲ" ಅಂತ ಕೊರಗುವವರು ಬಹಳ ಜನ. ತಪ್ಪು ನಿಮ್ಮದಲ್ಲ ತಾಯಿ.

ತುಮಕೂರಿನಿಂದ ಒಬ್ಬ ಗಂಡ

ಗಂಡಸರು ಬರೆಯಬಹುದಾ ಗೊತ್ತಿಲ್ಲ. ನಮ್ಮ ಮನೆಯವರು ಎರಡು ವರ್ಷ ನನಗೆ ಏನೂ ಹೇಳಲಿಲ್ಲ. ಇವಳಿಗೆ ನನ್ನ ಮೇಲೆ ಬೇಸರ ಅಂದುಕೊಂಡು ನಾನೂ ಮುಖ ತಿರುಗಿಸಿಕೊಂಡೆ. ಕೊನೆಗೆ ನಮ್ಮ ಅಕ್ಕ ನನ್ನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದಳು. ಈಗ ರಾತ್ರಿಯ ಅಡುಗೆ ನನ್ನದು. ಉಪ್ಪಿಟ್ಟು ಬಿಟ್ಟರೆ ಏನೂ ಚೆನ್ನಾಗಿ ಬರುವುದಿಲ್ಲ. ಎರಡು ಟೇಬಲ್ ಫ್ಯಾನ್ ತಂದೆವು, ಅವಳ ಕಡೆಗೊಂದು, ಮಗಳ ಕೋಣೆಗೊಂದು. ಟೀಚರ್, ನಿಮ್ಮ ಯಜಮಾನರಿಗೆ ಕಂಬಳಿ ಜೊತೆಗೆ ವಿಷಯವನ್ನೂ ಕೊಡಿ.

ನ್ಯೂಜೆರ್ಸಿಯಿಂದ, 52 (ಊರು ಶಿವಮೊಗ್ಗ)

ನಾನು ಮುದ್ದೆ, ಮೊಸರು, ಜಿಮ್ ಎಲ್ಲ ಮಾಡಿದೆ. ಆದರೂ ದಿನಕ್ಕೆ ಹದಿನೈದು ಸಲ ಬಿಸಿ. ಮೀಟಿಂಗಿನಲ್ಲಿ ಮಾತು ನಿಂತುಹೋಗುತ್ತಿತ್ತು. ಕೊನೆಗೆ ಹಾರ್ಮೋನ್ ಪ್ಯಾಚ್ (ಚರ್ಮಕ್ಕೆ ಅಂಟಿಸುವ ಹಾರ್ಮೋನ್ ಪಟ್ಟಿ) ಹಾಕಿಸಿಕೊಂಡೆ. ತಿಂಗಳೊಳಗೆ ಮನುಷ್ಯಳಾದೆ. 2002ರಲ್ಲಿ ಇಲ್ಲಿನ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಅಧ್ಯಯನ ಸ್ತನ ಕ್ಯಾನ್ಸರಿನ ಅಪಾಯ ಹೇಳಿದ ಮೇಲೆ ಎಲ್ಲರೂ ಹೆದರಿ ಹಾರ್ಮೋನ್ ಚಿಕಿತ್ಸೆಯನ್ನೇ ಬಿಟ್ಟಿದ್ದರು. ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತರೊಳಗಿನ, ಮುಟ್ಟು ನಿಂತು ಹತ್ತು ವರ್ಷ ದಾಟದ, ಬೇರೆ ತೊಂದರೆ ಇಲ್ಲದವರಿಗೆ ಲಾಭವೇ ಹೆಚ್ಚು ಅಂತ ಈಗ ಡಾಕ್ಟರುಗಳು ಹೇಳುತ್ತಾರೆ. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದವರಿಗೆ ಇದು ಆಗುವುದಿಲ್ಲ. ನಿಮಗೆ ಆಗುತ್ತಾ ಇಲ್ವಾ ಅಂತ ನಿಮ್ಮ ಡಾಕ್ಟರೇ ಹೇಳಬೇಕು. ಒಳ್ಳೆಯ ಅಭ್ಯಾಸಗಳನ್ನು ಬಿಡಿ ಅನ್ನುತ್ತಿಲ್ಲ. ಅವಷ್ಟೇ ಸಾಲದೆ ಹೋದರೆ ಅದು ಸೋಲಲ್ಲ ಅಂತ ಮಾತ್ರ.

ಹಾಸನದ ಟೀಚರ್, ಐದು ವಾರದ ಮೇಲೆ

ಎಲ್ಲರಿಗೂ ಲೆಕ್ಕ ಒಪ್ಪಿಸುತ್ತೇನೆ. ಮೊದಲು ನರ್ಸಮ್ಮನಿಗೆ. ಹಿಮೋಗ್ಲೋಬಿನ್ 9.2 ಇತ್ತು. ಕಬ್ಬಿಣದ ಮಾತ್ರೆ ಶುರುವಾಗಿದೆ. ಊಟದ ಹಿಂದೆಯೇ ಕಾಫಿ ಕುಡಿಯಬೇಡಿ, ಕಬ್ಬಿಣ ಮೈಗೆ ಹತ್ತುವುದಿಲ್ಲ ಅಂದರು. ಹಾಗಾಗಿ ಕಾಫಿ ಎರಡು ಕಡೆಯಿಂದಲೂ ಪೆಟ್ಟು ತಿಂದಿತು. ಸ್ಕ್ಯಾನಿನಲ್ಲಿ ಸಣ್ಣ ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ, ಕ್ಯಾನ್ಸರ್ ಅಲ್ಲ) ಇದೆ, ಆರು ತಿಂಗಳು ನೋಡೋಣ ಅಂದಿದ್ದಾರೆ. ಥೈರಾಯ್ಡ್ ಸರಿ ಇದೆ. ಈ ಸಲ ಬೇರೆ ಡಾಕ್ಟರ್. ಇಪ್ಪತ್ತು ನಿಮಿಷ ಕೂತು ಕೇಳಿದರು.

ಡೈರಿ ಬರೆದೆ. ಗಣಿತದವಳಲ್ವಾ, ಗ್ರಾಫನ್ನೂ ಹಾಕಿದೆ. ಮೊದಲ ವಾರ 41 ಸಲ ಬಿಸಿ, ಹೋದ ವಾರ 29. ಕಾಫಿಯಿಂದಲೋ, ಕಾಟನ್ ಸೀರೆಯಿಂದಲೋ, ಮಳೆ ಬಂದು ಊರೇ ತಣ್ಣಗಾದದ್ದರಿಂದಲೋ ಹೇಳಲಾರೆ. ತೂಕ ಒಂದು ಗ್ರಾಂ ಕೂಡ ಇಳಿದಿಲ್ಲ. ನಿದ್ದೆ ಮಾತ್ರ ನಿಜವಾಗಿ ಸುಧಾರಿಸಿದೆ. ರಾತ್ರಿ ಎರಡಕ್ಕೆ ಎದ್ದು ಉತ್ತರಪತ್ರಿಕೆ ತಿದ್ದುತ್ತೇನೆ, ಮೂರನೆಯದಕ್ಕೇ ತೂಕಡಿಕೆ!

ಯಜಮಾನರಿಗೆ ಹೇಳಿದೆ. "ಮೊದಲೇ ಹೇಳಬಾರದಿತ್ತಾ?" ಅಂದರು. ತರಗತಿಯಲ್ಲೂ "ನನಗೆ ಆಗಾಗ ಹೀಗೆ ಸೆಖೆಯಾಗುತ್ತೆ, ಎರಡು ನಿಮಿಷಕ್ಕೆ ಹೋಗುತ್ತೆ, ನೀವು ಲೆಕ್ಕ ಮಾಡ್ತಿರಿ" ಅಂದೆ. ಈಗ ನಾನು ಕರ್ಚೀಫ್ ತೆಗೆದರೆ ಸಾಕು, ಬಾಗಿಲ ಪಕ್ಕದ ಹುಡುಗಿ ಎದ್ದು ಫ್ಯಾನ್ ಹಾಕಿ ಕೂರುತ್ತಾಳೆ.

ಮಂಡ್ಯದ ಅಕ್ಕ, ಕುರ್ಚಿ ವ್ಯಾಯಾಮ ದಿನಕ್ಕೆ ಎಷ್ಟು ಸಲ? ನನಗೆ ಎಡಮಂಡಿ ಸ್ವಲ್ಪ ನೋವಿದೆ.

ಮಂಡ್ಯದಿಂದ, 57

ಹತ್ತರಿಂದ ಶುರು ಮಾಡಮ್ಮ, ದಿನ ಬಿಟ್ಟು ದಿನ. ಮಂಡಿ ನೋವಿದ್ದರೆ ಕುರ್ಚಿ ಮೇಲೆ ದಪ್ಪನೆ ದಿಂಬು ಹಾಕಿ ಎತ್ತರ ಮಾಡಿಕೋ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತೆ. ಗೋಡೆಗೆ ಒತ್ತಿ ಇಟ್ಟುಕೋ.