ಚೌಕಾಬಾರ ಗೇಮ್ ಮಾಡಬೇಕು, ಪೈಗೇಮ್ ಹಿಡಿಯಲಾ, ಗೊಡೊ ಹಿಡಿಯಲಾ?

ಸಿಂಧನೂರು_ಹುಡುಗ:
ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರಿನವನು, ರಾಯಚೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಪೈಥಾನ್‌ನಲ್ಲಿ ಲೂಪ್, ಫಂಕ್ಷನ್, ಲಿಸ್ಟ್ ತನಕ ಬರುತ್ತದೆ. ಮನೆಯಲ್ಲಿ ಅಜ್ಜಿ ಜೊತೆ ಆಡುವ ಚೌಕಾಬಾರವನ್ನೇ ಗೇಮ್ ಮಾಡಬೇಕು ಅಂತ ತುಂಬಾ ಆಸೆ ಇದೆ. ಲ್ಯಾಪ್‌ಟಾಪ್ ಹಳೇದು, 4 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ನಮ್ಮ ಕಡೆ ಬಿಸಿಲು ನಿಮಗೆ ಗೊತ್ತೇ ಇದೆ, ಮಧ್ಯಾಹ್ನ ಭಾರೀ ಸಾಫ್ಟ್‌ವೇರ್ ಏನಾದರೂ ತೆರೆದರೆ ಅದು ಕಾದು ಕೆಂಡ. ಯಾವ ಭಾಷೆ, ಯಾವ ಲೈಬ್ರರಿ ಹಿಡಿಯಲಿ?

ಕೋಟೆ_ಬಳ್ಳಾರಿ:
ತಮ್ಮಾ, ಪೈಥಾನ್ ಬರುತ್ತದೆ ಅಂದಮೇಲೆ ಈಗ ಹೊಸ ಭಾಷೆ ಬೇಡ. ಪೈಗೇಮ್ ಸಾಕು. ಪೈಥಾನ್‌ನಲ್ಲಿ ಗೇಮ್ ಮಾಡಲು 2000ದಿಂದ ಇರುವ ಲೈಬ್ರರಿ, ನೀನು ಎಲ್ಲಿ ಸಿಕ್ಕಿಹಾಕಿಕೊಂಡರೂ ಅಲ್ಲಿ ಯಾರೋ ಮೊದಲೇ ಸಿಕ್ಕಿ ಉತ್ತರ ಪಡೆದಿರುತ್ತಾರೆ. ಈಗ ಪೈಗೇಮ್-ಸಿಇ ಅಂತ ಇನ್ನೊಂದು ಕವಲಿದೆ, ಅದನ್ನು ಹಾಕಿಕೋ. ಹಳೇದು ಇದ್ದರೆ ಮೊದಲು ತೆಗೆದುಬಿಡು, ಎರಡೂ ಒಂದೇ ಹೆಸರಿನಲ್ಲಿ ಇಂಪೋರ್ಟ್ ಆಗುವುದರಿಂದ ಒಟ್ಟಿಗೆ ಇದ್ದರೆ ಜಗಳ.

ಬಿಸಿಯ ವಿಷಯಕ್ಕೆ ಬಂದರೆ, ಲೂಪ್ ಒಳಗೆ ಕ್ಲಾಕ್‌ನ ಟಿಕ್ ಫಂಕ್ಷನ್‌ಗೆ 30 ಅಂತ ಕೊಡು. ಅದಿಲ್ಲದಿದ್ದರೆ ಲೂಪ್ ಎಷ್ಟು ಸಾಧ್ಯವೋ ಅಷ್ಟು ಜೋರಾಗಿ ಓಡಿ ಪ್ರೊಸೆಸರನ್ನು ಸುಮ್ನೆ ದುಡಿಸುತ್ತದೆ. ಚೌಕಾಬಾರಕ್ಕೆ ಸೆಕೆಂಡಿಗೆ 30 ಸಲ ಚಿತ್ರ ಬದಲಾದರೆ ಬೇಕಾದಷ್ಟಾಯಿತು.

ಆಮೇಲೆ ಮುಖ್ಯವಾದ ಮಾತು. ವಿಂಡೋ, ಬಣ್ಣ ಎಲ್ಲ ಆಮೇಲೆ. ಮೊದಲು ನಿಯಮ ಬರೆ, ಟರ್ಮಿನಲ್‌ನಲ್ಲೇ (ಬರೀ ಅಕ್ಷರ ತೋರಿಸುವ ಕಮಾಂಡ್ ಪರದೆ) ಆಡಿ ನೋಡು. 25 ಮನೆ ಅಲ್ವಾ, ಹೊರ ಸುತ್ತಿನಲ್ಲಿ 16, ಒಳ ಸುತ್ತಿನಲ್ಲಿ 8, ನಡುವೆ 1. ಕಾಯಿ ನಡೆಯುವ ದಾರಿಯನ್ನು ಒಂದು ಲಿಸ್ಟ್ ಮಾಡು. ಕಾಯಿ ಅಂದರೆ ಆ ಲಿಸ್ಟಿನಲ್ಲಿ ಎಷ್ಟನೇ ಜಾಗದಲ್ಲಿದೆ ಅನ್ನುವ ಒಂದು ಸಂಖ್ಯೆ, ಅಷ್ಟೇ. ಉಳಿದ ಮೂವರು ಆಟಗಾರರ ದಾರಿಯನ್ನು ಕೈಯಲ್ಲಿ ಬರೆಯಬೇಕಿಲ್ಲ, ಮೊದಲನೇ ಲಿಸ್ಟನ್ನೇ 90 ಡಿಗ್ರಿ ತಿರುಗಿಸಿದರೆ ಬರುತ್ತದೆ.

ಕಿನ್ನಾಳ_ಬಣ್ಣ:
ಕೋಟೆ ಬಳ್ಳಾರಿ ಅಕ್ಕ ಹೇಳಿದ್ದು ಸರಿ. ಕವಡೆ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಇಲ್ಲಿ ತಪ್ಪಿದರೆ ಆಟವೇ ಆಟದಂತೆ ಇರಲ್ಲ. 1, 2, 3, 4, 8 ಇದರಲ್ಲಿ ಯಾವುದೋ ಒಂದನ್ನು ರ‍್ಯಾಂಡಮ್ ಆಗಿ ಆರಿಸಬೇಡ. ಹಾಗೆ ಮಾಡಿದರೆ ಐದು ಸಲಕ್ಕೊಮ್ಮೆ ಬಾರ, ಅಂದರೆ 8, ಬೀಳುತ್ತದೆ. ನಾಲ್ಕು ಕವಡೆಯನ್ನೂ ಬೇರೆ ಬೇರೆಯಾಗಿ ಎಸೆ, ಎಷ್ಟು ಅಂಗಾತ ಬಿದ್ದವು ಅಂತ ಎಣಿಸು, ಒಂದೂ ಬೀಳದಿದ್ದರೆ 8. ಆಗ ಚೌಕ, ಅಂದರೆ 4, ಬರುವುದು 16ಕ್ಕೆ ಒಂದು ಪಾಲು, ಬಾರವೂ ಅಷ್ಟೇ, 2 ಮಾತ್ರ 16ಕ್ಕೆ 6 ಪಾಲು. ಬಾರ ಬಿದ್ದಾಗ ಮನೆಯವರೆಲ್ಲ ಕೂಗುವುದು ಅದು ಅಪರೂಪ ಅಂತಲೇ ಅಲ್ವಾ.

ತುಂಗಭದ್ರೆ_ದಂಡೆ:
ನಾನು ಒಪ್ಪಲ್ಲ. ತಮ್ಮ ಈ ಆಟವನ್ನು ಲ್ಯಾಪ್‌ಟಾಪಿನಲ್ಲಿ ಮುಚ್ಚಿಟ್ಟುಕೊಳ್ಳುತ್ತಾನಾ? ಅಜ್ಜಿ ಆಡಬೇಕು ಅಂದರೆ ಫೋನಿಗೆ ಬರಬೇಕು, ಬಟನ್ ಮೇಲೆ ಕನ್ನಡ ಇರಬೇಕು. ಪೈಗೇಮ್‌ನಲ್ಲಿ ನೇರವಾಗಿ ಕನ್ನಡ ಬರೆದರೆ ಒತ್ತಕ್ಷರ ಒಡೆದು ಬರುವುದುಂಟು. ಅಲ್ಲಿ ಅಕ್ಷರಗಳನ್ನು ಚಿತ್ರ ಮಾಡಿ ಅಂಟಿಸುವುದೇ ಸುಲಭ. ಗೊಡೊ ಅಂದರೆ ಗೇಮ್ ಮಾಡಲೆಂದೇ ಇರುವ ಸಾಫ್ಟ್‌ವೇರ್, ಅದರ 4ನೇ ಆವೃತ್ತಿಯಲ್ಲಿ ಒಂದು ಕನ್ನಡ ಫಾಂಟ್ ಸೇರಿಸಿದರೆ ಒತ್ತು, ದೀರ್ಘ ಎಲ್ಲ ಸರಿಯಾಗಿ ಕೂರುತ್ತವೆ, ಆಂಡ್ರಾಯ್ಡ್ ಆಪ್ ಕೂಡ ಅಲ್ಲಿಂದಲೇ ತೆಗೆಯಬಹುದು. ಪೂರ್ತಿ ಉಚಿತ, ಎಂಐಟಿ ಲೈಸೆನ್ಸ್. ಅದರ ಭಾಷೆ ಜಿಡಿಸ್ಕ್ರಿಪ್ಟ್ ನೋಡಲು ಪೈಥಾನ್ ಥರವೇ ಇದೆ. ಹಳೇ ಲ್ಯಾಪ್‌ಟಾಪ್ ಆದ್ದರಿಂದ ಹೊಸ ಪ್ರಾಜೆಕ್ಟ್ ಶುರು ಮಾಡುವಾಗ ಕಂಪ್ಯಾಟಿಬಿಲಿಟಿ ಅನ್ನುವ ರೆಂಡರರ್ (ಪರದೆ ಮೇಲೆ ಚಿತ್ರ ಬಿಡಿಸುವ ಭಾಗ) ಆರಿಸಿಕೊಳ್ಳಬೇಕು.

ಸಿಂಧನೂರು_ಹುಡುಗ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೋನಿನ ಮಾತು ನಿಜ ಅಣ್ಣ, ಅಜ್ಜಿಗೆ ತೋರಿಸಬೇಕು ಅಂತಲೇ ಇದೆ. ಹಾಗಾದರೆ ಪೈಥಾನ್‌ನಲ್ಲಿ ಬರೆದದ್ದು ವ್ಯರ್ಥ ಆಗಲ್ವಾ? ಕ್ಲಾಸ್, ಆಬ್ಜೆಕ್ಟ್ ಎಲ್ಲ ಮೊದಲೇ ಕಲಿಯಬೇಕಾ?

ಕೋಟೆ_ಬಳ್ಳಾರಿ:
ವ್ಯರ್ಥ ಆಗಲ್ಲ. ನಿಯಮಗಳನ್ನು ಚಿತ್ರ ಬಿಡಿಸುವ ಕೋಡಿನಿಂದ ದೂರ, ಬೇರೆ ಫೈಲಿನಲ್ಲಿ ಇಡು. ಆ ಫೈಲನ್ನು ಜಿಡಿಸ್ಕ್ರಿಪ್ಟ್‌ಗೆ ಬದಲಾಯಿಸುವುದು ದೊಡ್ಡ ಕೆಲಸ ಅಲ್ಲ. ಗೊಡೊ ಒಳ್ಳೆಯದೇ, ನನ್ನ ತಕರಾರಿಲ್ಲ, ಆದರೆ ಹೊಸ ಎಡಿಟರ್, ಹೊಸ ಭಾಷೆ, ಆಟದ ನಿಯಮ ಮೂರನ್ನೂ ಒಮ್ಮೆಲೇ ಹೊತ್ತರೆ ಹುಡುಗರು ಅರ್ಧಕ್ಕೇ ಬಿಡುತ್ತಾರೆ. ಕ್ಲಾಸ್ ಈಗ ಬೇಡ, ನಾಲ್ಕು ಆಟಗಾರರ ಕಾಯಿಗೆ ಒಂದು ಡಿಕ್ಷನರಿ (ಹೆಸರಿನ ಜೊತೆ ಅದರ ಮಾಹಿತಿ ಜೋಡಿಸಿಡುವ ಪೈಥಾನ್ ಪಟ್ಟಿ) ಸಾಕು. ಕಡಿಯುವ ನಿಯಮ, ಕಟ್ಟೆ ಮನೆಯಲ್ಲಿ ಕಡಿಯಬಾರದು ಅನ್ನುವುದು, ಕಾಯಿ ನಡುಮನೆ ಸೇರಿ ಹಣ್ಣಾಗುವುದು, ಇಷ್ಟು ಬರೆದು ಕೋಡ್ ಇಲ್ಲಿ ಹಾಕು, ನೋಡಿ ಹೇಳುತ್ತೇನೆ.