1818ರ ರಾಮದರ್ಬಾರ್ ಕಾಸು, ಕೃಷ್ಣದೇವರಾಯನ ವರಹ, 1939ರ ರೂಪಾಯಿ: ಮುಂಗಡ ಕೊಡಬಹುದಾ?

ಹೊಸಬ_ಹಾಸನ:
ನಮಸ್ಕಾರ. ಫೇಸ್‌ಬುಕ್ ಗುಂಪೊಂದರಲ್ಲಿ ಒಬ್ಬರು ಮೂರು ನಾಣ್ಯ ಮಾರಾಟಕ್ಕಿಟ್ಟಿದ್ದಾರೆ. ಈಸ್ಟ್ ಇಂಡಿಯಾ ಕಂಪನಿಯ 1818ರ ತಾಮ್ರದ ಒಂದಾಣೆ (ಹಿಂದೆ ರಾಮ, ಸೀತೆ, ಹನುಮಂತ) 12,000 ರೂ., ಕೃಷ್ಣದೇವರಾಯನ ಚಿನ್ನದ ವರಹ 8,000, ಆರನೇ ಜಾರ್ಜ್‌ನ 1939ರ ಬೆಳ್ಳಿ ರೂಪಾಯಿ 15,000. ವರಹ ಹೊಲ ಉಳುವಾಗ ಸಿಕ್ಕಿದ್ದಂತೆ. ಅಸಲಿ ಅಂತ ಸರ್ಟಿಫಿಕೇಟನ್ನೂ ಕೊಡ್ತಾರಂತೆ. ಅರ್ಧ ದುಡ್ಡು ಮುಂಗಡ ಕೇಳ್ತಿದ್ದಾರೆ. ಮನೇಲಿ ಏನಾದ್ರೂ ಪರೀಕ್ಷೆ ಮಾಡಕ್ಕಾಗುತ್ತಾ?

ತಾಮ್ರದಕಾಸು:
ಮೊದಲನೆಯದಕ್ಕೆ ಪರೀಕ್ಷೆಯೇ ಬೇಡ. ಬ್ರಿಟಿಷ್ ಭಾರತದಲ್ಲಿ ಒಂದಾಣೆ ನಾಣ್ಯ ಚಲಾವಣೆಗೆ ಬಂದದ್ದೇ 20ನೇ ಶತಮಾನದ ಮೊದಲ ದಶಕದಲ್ಲಿ, ಅದೂ ಕ್ಯುಪ್ರೋನಿಕಲ್‌ನಲ್ಲಿ (ತಾಮ್ರ-ನಿಕಲ್ ಮಿಶ್ರಲೋಹ). ನೀವು ಹೇಳಿದ್ದು ಪೂಜೆಗೆಂದು ಮಾಡಿದ ಬಿಲ್ಲೆ, ಇತ್ತೀಚಿನದು. ಮದ್ರಾಸಿನಲ್ಲಿ ಕಂಪನಿ ದೇವರ ಚಿತ್ರದ ವರಹ ಹೊಡೆಸಿದ್ದು ನಿಜ, ಆದರೆ ಅದು ಚಿಕ್ಕ ಚಿನ್ನದ ನಾಣ್ಯ. ಅಗಲದ ತಾಮ್ರದ ಬಿಲ್ಲೆಗೂ ಅದಕ್ಕೂ ಸಂಬಂಧ ಇಲ್ಲ. ಇದೇ ಬಿಲ್ಲೆ ತೋರಿಸಿ 'ಅಕ್ಕಿ ಎಳೆಯುತ್ತೆ' ಅನ್ನೋರೂ ಇದ್ದಾರೆ. ಅಲ್ಲಿ ಅಕ್ಕಿಗೆ ಕಬ್ಬಿಣದ ಪುಡಿ ಹಚ್ಚಿ, ಬಿಲ್ಲೆಯೊಳಗೆ ಅಯಸ್ಕಾಂತ ಇಟ್ಟಿರ್ತಾರೆ.

ತಕ್ಕಡಿ_ತಮ್ಮಯ್ಯ:
ವರಹದ ತೂಕ ಸುಮಾರು 3.4 ಗ್ರಾಂ. ಇವತ್ತಿನ ಚಿನ್ನದ ದರಕ್ಕೆ 3.4 ಗುಣಿಸಿ. ಲೋಹದ ಬೆಲೆಗಿಂತ ಕಡಿಮೆಗೆ ಚಿನ್ನ ಯಾರೂ ಮಾರಲ್ಲ, ಮಾತು ಅಲ್ಲಿಗೇ ಮುಗೀತು.

ಆದ್ರೂ ಕಲಿತಿಟ್ಟುಕೊಳ್ಳಿ. 0.01 ಗ್ರಾಂ ತೋರಿಸುವ ಆಭರಣದ ತಕ್ಕಡಿ ಸಾಕು. ನಾಣ್ಯ ತೂಗಿ. ಆಮೇಲೆ ನೀರಿನ ಲೋಟ ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ನೂಲಿಗೆ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ನೀರಲ್ಲಿ ಪೂರ್ತಿ ಮುಳುಗಿಸಿ. ಈಗ ತೋರಿಸುವ ಅಂಕಿಯಿಂದ ಮೊದಲ ತೂಕವನ್ನು ಭಾಗಿಸಿ, ಬರೋದೇ ಸಾಂದ್ರತೆ. 91.7% ಬೆಳ್ಳಿಯ ಹಳೇ ರೂಪಾಯಿ 11.66 ಗ್ರಾಂ, ನೀರಲ್ಲಿ 1.13ರ ಆಸುಪಾಸು ಬರಬೇಕು, ಅಂದ್ರೆ 10.3. ಬೆಳ್ಳಿಯೇ ಇಲ್ಲದ ಜರ್ಮನ್ ಸಿಲ್ವರ್ ಆದ್ರೆ 1.34ರ ಹತ್ತಿರ. ಅಸಲಿ ವರಹ 0.2ರ ಸುಮಾರು, ಚಿನ್ನದ ನೀರು ಕುಡಿಸಿದ ಹಿತ್ತಾಳೆ 0.4. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದ್ರೆ ಲೆಕ್ಕ ಕೆಡುತ್ತೆ, ಬೆರಳಲ್ಲಿ ಸವರಿ ತೆಗೆದು ಮತ್ತೆ ನೋಡಿ. ಸವೆದ ನಾಣ್ಯದ ತೂಕ ಸ್ವಲ್ಪ ಕಮ್ಮಿ ಇರುತ್ತೆ, ಸಾಂದ್ರತೆ ಬದಲಾಗಲ್ಲ.

ಹೊಸಬ_ಹಾಸನ:
ಥ್ಯಾಂಕ್ಸ್ ಸರ್. ಹಾಗಾದ್ರೆ 1939ರದ್ದು 10.3 ಬಂದ್ರೆ ತಗೋಬಹುದಾ?

ಅಚ್ಚುಮೊಳೆ:
ಅಲ್ಲೇ ಜನ ಬೀಳೋದು. 1939ರ ರೂಪಾಯಿ ಬಹಳ ಅಪರೂಪ, 1938ರದ್ದು ಧಾರಾಳ. 1938ರ ಕೊನೇ 8ನ್ನು ಕೊರೆದು 9 ಮಾಡ್ತಾರೆ. ಬೆಳ್ಳಿ ಅಸಲಿಯೇ ಆದ್ದರಿಂದ ತೂಕ, ಸಾಂದ್ರತೆ ಎರಡೂ ಪಾಸ್. 10 ಪಟ್ಟು ಹಿಗ್ಗಿಸುವ ಲೂಪಿನಲ್ಲಿ ಕೊನೇ ಅಂಕಿಯ ಬುಡ ನೋಡಿ, ಬೆಳಕು ಪಕ್ಕದಿಂದ ಬೀಳಲಿ. ಸುತ್ತಲಿನ ಮೈಯಲ್ಲಿ ಗೀರು, ತಗ್ಗು, ಬೇರೆ ಥರದ ಹೊಳಪು, ಅಥವಾ ಪಕ್ಕದ 3ಕ್ಕಿಂತ ತೆಳುವಾದ ಗೆರೆ ಇದ್ರೆ ಕೈಯಾಡಿಸಿದ್ದಾರೆ. ಅಚ್ಚಿಗೆ ಎರಕ ಹೊಯ್ದ ನಕಲಿಯಾದ್ರೆ ಅಂಚಿನಲ್ಲಿ ಬೆಸುಗೆಯಂಥ ಗೆರೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು, ಮೊಂಡಾದ ಅಕ್ಷರ ಕಾಣುತ್ತೆ. ನಿಜವಾದ ಚಿನ್ನದಲ್ಲೇ ನಕಲಿ ವರಹ ಮಾಡಿದ್ರೆ ತಕ್ಕಡಿಯಿಂದ ಉಪಯೋಗ ಇಲ್ಲ, ಅಸಲಿಯ ಚಿತ್ರದ ಜೊತೆ ಬಾಲಕೃಷ್ಣನ ಬೊಂಬೆ, ನಾಗರಿ ಅಕ್ಷರ ಒಂದೊಂದನ್ನೇ ಹೋಲಿಸಬೇಕು.

ಮಾರುವವನೇ ಪ್ರಿಂಟ್ ಹಾಕಿದ ಸರ್ಟಿಫಿಕೇಟ್ ಬರೀ ಕಾಗದ. ನಾಣ್ಯ ಪರೀಕ್ಷಿಸಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುವ ಎನ್‌ಜಿಸಿ, ಪಿಸಿಜಿಎಸ್ ಕಂಪನಿಗಳ ಡಬ್ಬಿಗಳಿಗೂ ನಕಲಿ ಇವೆ. ಮೇಲಿನ ನಂಬರನ್ನು ಅವರ ವೆಬ್‌ಸೈಟಿನಲ್ಲಿ ಹಾಕಿ, ಅಲ್ಲಿ ಫೋಟೋ ಇದ್ರೆ ಗೀರು-ಕಲೆ ಸಹಿತ ತಾಳೆ ನೋಡಿ.

ತಾಮ್ರದಕಾಸು:
'ಹೊಲದಲ್ಲಿ ಸಿಕ್ತು' ಅನ್ನೋದು ಸುಳ್ಳಾದ್ರೆ ಮಾಲು ನಕಲಿ. ನಿಜವಾದ್ರೆ ಇನ್ನೂ ತೊಂದರೆ: ನಿಧಿ ಸಿಕ್ಕವರು ಜಿಲ್ಲಾಧಿಕಾರಿಗೆ ತಿಳಿಸಬೇಕು, ಮಾರೋ ಹಾಗಿಲ್ಲ. 1972ರ ಕಾಯ್ದೆ ಪ್ರಕಾರ 100 ವರ್ಷ ದಾಟಿದ್ದು ಪ್ರಾಚ್ಯವಸ್ತು, ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಆ ನಂಬರ್ ಕೇಳಿ. ಹಾಗೇ ಇವತ್ತಿನ ತಾರೀಕು ಬರೆದ ಚೀಟಿ ಪಕ್ಕದಲ್ಲಿಟ್ಟು ನಾಣ್ಯದ ಎರಡೂ ಮುಖ, ಅಂಚು, ತಕ್ಕಡಿಯ ಅಂಕಿ ಒಂದೇ ವಿಡಿಯೊದಲ್ಲಿ ಕಳಿಸಿ ಅನ್ನಿ. ಯಾವುದೋ ಹರಾಜಿನ ಫೋಟೋ ಕದ್ದು ಹಾಕಿದವನು ಇಲ್ಲೇ ಮಾಯ ಆಗ್ತಾನೆ. ಮುಂಗಡ ಈಗಾಗಲೇ ಕಳಿಸಿದ್ರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.