'ದೀನತೆ'ಯೋ, 'ತಗ್ಗಿಸಿಕೊಳ್ಳುವುದೋ'?

ಎಲ್ಲರಿಗೂ ನಮಸ್ಕಾರ. ಅಹಂಕಾರವಿಲ್ಲದ ಗುಣಕ್ಕೆ ಯಾವ ಪದ ಸರಿ ಎಂದು ನಿಮ್ಮನ್ನು ಕೇಳಬೇಕಿತ್ತು.

ನಮ್ಮ ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳಿಕೊಡುತ್ತೇನೆ. ಹೋದ ವಾರ ಮತ್ತಾಯನ ಸುವಾರ್ತೆಯ 11ನೇ ಅಧ್ಯಾಯ ಓದಿಸುತ್ತಿದ್ದೆ. ಅಲ್ಲಿ ಯೇಸುಸ್ವಾಮಿ ತಾನು 'ದೀನಮನಸ್ಸುಳ್ಳವನು' ಎನ್ನುತ್ತಾರೆ. ಒಬ್ಬ ಹುಡುಗಿ ಕೈ ಎತ್ತಿದಳು. "ದೀನ ಅಂದ್ರೆ ಪಾಪ ಅನ್ನಿಸೋ ಹಾಗೆ ಮುಖ ಮಾಡ್ಕೊಂಡಿರೋದು ಅಲ್ವಾ? ಯೇಸುಸ್ವಾಮಿ ಹಾಗಿದ್ರಾ?"

ಅವಳು ಕೇಳಿದ್ದು ಸರಿಯಾಗಿಯೇ ಇದೆ. ಇವತ್ತಿನ ಮಾತಿನಲ್ಲಿ ದೀನ ಎಂದರೆ ಗತಿಯಿಲ್ಲದವನು. ದೀನಸ್ಥಿತಿ, ದೀನದಲಿತರು, ದೀನವಾಗಿ ಬೇಡಿಕೊಂಡ. ಇದು ಮೇಲೆ ಬಂದು ಬಿದ್ದ ಸ್ಥಿತಿ, ತಾನಾಗಿ ಆರಿಸಿಕೊಂಡದ್ದಲ್ಲ. ಬೈಬಲ್ಲಿನ ಮೂಲದಲ್ಲೂ ಬಡತನಕ್ಕೂ ವಿನಯಕ್ಕೂ ಈ ನಂಟು ಇಲ್ಲದಿಲ್ಲ. ಹಳೆಯ ಒಡಂಬಡಿಕೆಯ ಭಾಷೆಯಾದ ಹೀಬ್ರೂವಿನಲ್ಲಿ ಬಡವ, ನೊಂದವ ಎನ್ನುವ 'ಆನೀ' ಪದಕ್ಕೂ ವಿನಯವುಳ್ಳವ ಎನ್ನುವ 'ಆನಾವ್' ಪದಕ್ಕೂ ಬೇರು ಒಂದೇ. ಆದರೆ ಬೈಬಲ್ಲಿನ ಅರಣ್ಯಕಾಂಡದ 12ನೇ ಅಧ್ಯಾಯ ಆನಾವ್ ಎಂದು ಕರೆಯುವುದು ಮೋಶೆಯನ್ನು. ಈಜಿಪ್ಟಿನ ರಾಜ ಫರೋಹನ ಎದುರು ನಿಂತು ಜನರನ್ನು ಬಿಡು ಎಂದವನು ಅವನು. ಅವನನ್ನು ದೀನ ಎಂದರೆ ನನ್ನ ಕಿವಿಗೆ ಹಿಡಿಸುವುದಿಲ್ಲ.

ಅದೇ ಕನ್ನಡ ಬೈಬಲ್ಲಿನಲ್ಲಿ ಇನ್ನೊಂದು ಮಾತಿದೆ: ತನ್ನನ್ನು ತಗ್ಗಿಸಿಕೊಳ್ಳುವುದು. ನನಗೆ ಇದರ ಮೇಲೆ ಜಾಸ್ತಿ ಪ್ರೀತಿ. ತಗ್ಗು ನೆಲದ ಮಾತು. ತಗ್ಗಿನ ಗದ್ದೆ, ತಗ್ಗು ದಿನ್ನೆ. ಮಳೆ ಬಂದರೆ ನೀರೂ ಗೋಡುಮಣ್ಣೂ ಬಂದು ನಿಲ್ಲುವ ಜಾಗ. ಹೊಸ ಒಡಂಬಡಿಕೆಯ ಮೂಲ ಭಾಷೆಯಾದ ಗ್ರೀಕಿನಲ್ಲೂ ಹಾಗೇ ಇದೆ. ಲೂಕನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ಬೆಟ್ಟಗುಡ್ಡಗಳು ತಗ್ಗುತ್ತವೆ ಎನ್ನುವಾಗ ಬರುವ ಕ್ರಿಯಾಪದವೇ 18ನೇ ಅಧ್ಯಾಯದಲ್ಲಿ ಎದೆ ಬಡಿದುಕೊಂಡು ಪ್ರಾರ್ಥಿಸಿದ ಸುಂಕದವನ ಕಥೆಯ ಕೊನೆಗೂ ಬರುತ್ತದೆ. ಬೆಟ್ಟಕ್ಕೂ ಮನುಷ್ಯನಿಗೂ ಒಂದೇ ಪದ. ಕನ್ನಡದಲ್ಲಿ ಅದು ಎಷ್ಟು ಸಲೀಸಾಗಿ ಕೂತಿದೆ ನೋಡಿ.

ಇನ್ನು ಆ 'ಕೊಳ್ಳು'. ತಗ್ಗಿಸು ಬೇರೆ, ತಗ್ಗಿಸಿಕೊಳ್ಳು ಬೇರೆ. ಒಂದು ಇನ್ನೊಬ್ಬರು ಮಾಡುವ ಅವಮಾನ, ಇನ್ನೊಂದು ತಾನೇ ಮಾಡುವ ಕೆಲಸ. ಯೋಹಾನನ 13ನೇ ಅಧ್ಯಾಯದಲ್ಲಿ ಯೇಸು ಊಟದಿಂದ ಎದ್ದು, ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಬೋಗುಣಿಗೆ ನೀರು ಹಾಕಿ ಶಿಷ್ಯರ ಕಾಲು ತೊಳೆಯುತ್ತಾರಲ್ಲ, ಅದು ಈ 'ಕೊಳ್ಳು'.

ಈ ವ್ಯತ್ಯಾಸ ವ್ಯಾಕರಣದಲ್ಲೇ ಮುಗಿಯುವುದಿಲ್ಲ. ಕೂಲಿ ಕಡಿಮೆ ಕೊಟ್ಟರು ಎಂದು ದೂರು ತಂದ ಹೆಂಗಸಿಗೆ ಹಿರಿಯರೊಬ್ಬರು "ದೀನಳಾಗಿರಬೇಕಮ್ಮ" ಎಂದದ್ದನ್ನು ನಾನೇ ಕೇಳಿದ್ದೇನೆ. ಆಕೆ ಸೆರಗಿನ ತುದಿ ಸುತ್ತುತ್ತಾ ಸುಮ್ನೆ ನಿಂತಿದ್ದಳು. ಆ ಮಾತು ನನಗೆ ಇವತ್ತಿಗೂ ನೋವು.

ನಮ್ರತೆ, ವಿನಯ ಹಾಕಿದರೆ ಆಗಲ್ವಾ ಎನ್ನಬಹುದು. ಅವು ನಡವಳಿಕೆಯಲ್ಲೇ ನಿಂತುಬಿಡುತ್ತವೆ, ಕೈ ಕಟ್ಟಿ ನಿಂತರೂ ವಿನಯವೇ. ಬಸವಣ್ಣನವರು 'ಎನಗಿಂತ ಕಿರಿಯರಿಲ್ಲ' ಎಂದಾಗ ಅಂಥ ದೊಡ್ಡ ಹೆಸರೇ ಬೇಕಾಗಲಿಲ್ಲ. 'ಕಿರಿಯ' ಸಾಕಾಯಿತು.

ಎದುರು ಪದಗಳಲ್ಲಿ ತೊಡಕು ಕಡಿಮೆ. ಸೊಕ್ಕು, ಕೊಬ್ಬು, ಉಬ್ಬು, ಎಲ್ಲವೂ ಮೈಯಲ್ಲೇ ಕಾಣುವಂಥವು. ಜ್ಞಾನ ಉಬ್ಬಿಸುತ್ತದೆ ಎಂದು ಸುವಾರ್ತೆ ಸಾರಿದ ಪೌಲನೂ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ. ಹೆಮ್ಮೆ ಮಾತ್ರ ಎರಡು ಕಡೆಗೂ ವಾಲುತ್ತದೆ. ಮಗಳು ಪಾಸಾದರೆ ಹೆಮ್ಮೆ, 'ಅವಳಿಗೆ ಬಹಳ ಹೆಮ್ಮೆ' ಎಂದರೆ ಬೈಗುಳ.

ನನ್ನ ಪ್ರಶ್ನೆ ಇಷ್ಟು. ನಿಮ್ಮ ಕಡೆ ದೊಡ್ಡವರಾಗಿದ್ದೂ ತಗ್ಗಿ ನಡೆಯುವವರನ್ನು ಮನೆಮಾತಿನಲ್ಲಿ ಏನೆನ್ನುತ್ತಾರೆ? 'ತಗ್ಗಿದ ಮನಸ್ಸಿನವರು' ಎಂದು ಯಾರಾದರೂ ಆಡುವುದನ್ನು ಕೇಳಿದ್ದೀರಾ? ಬರುವ ಭಾನುವಾರ ಆ ಹುಡುಗಿಗೆ ಉತ್ತರ ಹೇಳಬೇಕು.